ಮುಚ್ಚಳ ನೀವೇ ತೆಗೆಯಿರಿ

ಬ್ಯಾಂಕಿನ ಕೌಂಟರಿನಲ್ಲಿ, ಆಸ್ಪತ್ರೆಯ ಬಿಲ್ಲಿಂಗ್ ಮೇಜಿನ ಮೇಲೆ, ಪಂಚಾಯಿತಿ ಕಚೇರಿಯಲ್ಲಿ ಮಾನಿಟರಿನ ಬೆನ್ನಿಗೆ ಅಂಟಿಕೊಂಡಂತಿರುವ ಪುಟ್ಟ ಕಪ್ಪು ಪೆಟ್ಟಿಗೆಯನ್ನು ನೀವು ನೋಡಿರುತ್ತೀರಿ. ಉದ್ದ, ಅಗಲ ಎರಡೂ ಸುಮಾರು 18 ಸೆಂಟಿಮೀಟರ್. ದಪ್ಪ ಮೂರೂವರೆ ಸೆಂಟಿಮೀಟರ್. ಗುಣಿಸಿದರೆ ಒಂದು ಲೀಟರಿಗಿಂತ ತುಸು ಹೆಚ್ಚು. ಅದಕ್ಕೇ ಈ ಜಾತಿಗೆ ಒಂದು ಲೀಟರ್ ಪಿಸಿ ಎಂಬ ಹೆಸರು ಬಿದ್ದಿದೆ. ಲೆನೊವೊದ ಥಿಂಕ್‌ಸೆಂಟರ್ ಟೈನಿ, ಡೆಲ್‌ನ ಆಪ್ಟಿಪ್ಲೆಕ್ಸ್ ಮೈಕ್ರೊ, ಎಚ್‌ಪಿಯ ಎಲೈಟ್‌ಡೆಸ್ಕ್ ಮಿನಿ ಎಲ್ಲವೂ ಈ ಬಳಗದವು. ದೊಡ್ಡ ಕಂಪನಿಗಳು ಇವನ್ನು ನೂರಾರು ಸಂಖ್ಯೆಯಲ್ಲಿ ತರಿಸಿ, ಕೆಲವು ವರ್ಷ ದುಡಿಸಿಕೊಂಡು, ಒಟ್ಟಿಗೇ ಹೊರಗೆ ಕಳಿಸುತ್ತವೆ. ಹಾಗೆ ಹೊರಬಿದ್ದವು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಬಂದು, ಧೂಳು ಒರೆಸಿಸಿಕೊಂಡು, ಅಲ್ಲಿಂದ ಜಿಲ್ಲೆ ತಾಲ್ಲೂಕುಗಳ ಅಂಗಡಿ, ಶಾಲೆ, ಮನೆಗಳನ್ನು ಸೇರುತ್ತವೆ. ಒಳಗಿನ ಪ್ರೊಸೆಸರ್ ಗಟ್ಟಿಯಾಗಿರುತ್ತದೆ, ಕರೆಂಟು ಕಡಿಮೆ ಎಳೆಯುತ್ತದೆ, ಹೆಚ್ಚು ಸದ್ದು ಮಾಡುವುದಿಲ್ಲ. ನಮ್ಮಂಥವರಿಗೆ ಹೇಳಿ ಮಾಡಿಸಿದ ಯಂತ್ರ.

ಇವುಗಳ ಬಗ್ಗೆ ನನ್ನ ಕಿವಿಗೆ ಬೀಳುವ ದೂರು ಒಂದೇ: "ತುಂಬಾ ಸ್ಲೋ ಆಗಿದೆ." ಗುಂಡಿ ಒತ್ತಿದ ಮೇಲೆ ಪರದೆ ಬರುವುದಕ್ಕೇ ಐದು ನಿಮಿಷ, ಬ್ರೌಸರ್ ತೆರೆಯಲು ಇನ್ನೆರಡು ನಿಮಿಷ. ಕೇಳಿದವರೆಲ್ಲ ಹೊಸದು ತೆಗೆದುಕೊಳ್ಳಿ ಎನ್ನುತ್ತಾರೆ. ಇವತ್ತು ನಾನು ಹೇಳಬೇಕೆಂದು ಬಂದಿರುವುದು ಇಷ್ಟು. ಇಂಥ ಹತ್ತು ಯಂತ್ರಗಳನ್ನು ಬಿಚ್ಚಿ ನೋಡಿದರೆ ಹೆಚ್ಚಿನವುಗಳಲ್ಲಿ ಸೋತಿರುವುದು ಹಾರ್ಡ್ ಡಿಸ್ಕ್ ಒಂದೇ. ಅದನ್ನು ಬದಲಿಸುವುದು ಒಂದು ಸ್ಕ್ರೂಡ್ರೈವರ್ ಹಿಡಿದು ಒಂದು ಮಧ್ಯಾಹ್ನದಲ್ಲಿ ಮುಗಿಸುವ ಕೆಲಸ. ಯಂತ್ರದ ಮಾಲೀಕರು ತಾವೇ ಕೂತು ಮಾಡಬಹುದು. ಮಾಡಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ.

ಹಾರ್ಡ್ ಡಿಸ್ಕ್ ಯಾಕೆ ಸೋಲುತ್ತದೆ ಎಂಬುದನ್ನು ಮೊದಲು ನೋಡೋಣ. 1956ರಲ್ಲಿ ಐಬಿಎಂ ಕಂಪನಿ ಮೊದಲ ಹಾರ್ಡ್ ಡಿಸ್ಕನ್ನು ಮಾರುಕಟ್ಟೆಗೆ ತಂದಿತು. ಎರಡಡಿ ವ್ಯಾಸದ 50 ತಟ್ಟೆಗಳು, ನಿಮಿಷಕ್ಕೆ 1200 ಸುತ್ತು, ಇಡೀ ಕಪಾಟಿನಷ್ಟು ಗಾತ್ರ. ಅಷ್ಟರಲ್ಲಿ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳು. ಇವತ್ತು ನಿಮ್ಮ ಪುಟ್ಟ ಪೆಟ್ಟಿಗೆಯೊಳಗಿರುವ ಎರಡೂವರೆ ಇಂಚಿನ ಡಿಸ್ಕ್ ಅದರ ಲಕ್ಷಪಟ್ಟು ಹಿಡಿಯುತ್ತದೆ. ಆದರೆ ಕೆಲಸದ ರೀತಿ ಬದಲಾಗಿಲ್ಲ. ತಟ್ಟೆ ತಿರುಗಬೇಕು, ಅದರ ಮೇಲೆ ಒಂದು ತೋಳು ಆಚೀಚೆ ಸರಿಯಬೇಕು, ಬೇಕಾದ ಜಾಗ ಆ ತೋಳಿನ ತುದಿಗೆ ಬರುವ ತನಕ ಕಾಯಬೇಕು. ನಿಮಿಷಕ್ಕೆ 5400 ಸುತ್ತು ಎಂದರೆ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್. ಸರಾಸರಿ ಅರ್ಧ ಸುತ್ತಿನ ಕಾಯುವಿಕೆ, ಜೊತೆಗೆ ತೋಳು ಸರಿಯಲು ಹತ್ತು ಹನ್ನೆರಡು ಮಿಲಿಸೆಕೆಂಡ್. ಲೆಕ್ಕ ಹಾಕಿದರೆ ಬೇರೆ ಬೇರೆ ಕಡೆ ಚದುರಿರುವ ಮಾಹಿತಿಯನ್ನು ಸೆಕೆಂಡಿಗೆ ಸುಮಾರು ಅರವತ್ತು ಸಲ ಹುಡುಕಿ ತರುವಷ್ಟೇ ಅದರ ಶಕ್ತಿ.

ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮನ್ನು ನೆನಪು ಮಾಡಿಕೊಳ್ಳಿ. ಒಬ್ಬನೇ ಅಟೆಂಡರ್. ಒಂದೇ ಕಟ್ಟು ಬೇಕೆಂದರೆ ಹೋಗಿ ತಂದುಕೊಡುತ್ತಾನೆ. ಐನೂರು ಜನ ಐನೂರು ಬೇರೆ ಬೇರೆ ಕಟ್ಟುಗಳಿಂದ ಒಂದೊಂದು ಹಾಳೆ ಕೇಳಿದರೆ ಅವನೇನು ಮಾಡಿಯಾನು? ವಿಂಡೋಸ್ ಶುರುವಾಗುವಾಗ ನಡೆಯುವುದು ಇದೇ. ಸಾವಿರಾರು ಚಿಕ್ಕ ಚಿಕ್ಕ ಫೈಲುಗಳು, ಆಂಟಿವೈರಸ್ಸಿನ ತಪಾಸಣೆ, ಅಪ್‌ಡೇಟಿನ ವಿಚಾರಣೆ ಎಲ್ಲ ಒಂದೇ ತೋಳಿನ ಮೇಲೆ ಬೀಳುತ್ತವೆ. ಪ್ರೊಸೆಸರ್ ಪಾಪ ಸುಮ್ಮನೆ ಕೂತು ಕಾಯುತ್ತಿರುತ್ತದೆ.

ಹಾರ್ಡ್ ಡಿಸ್ಕಿನ ಬದಲಿಗೆ ಹಾಕಬೇಕಾದ ಎಸ್‌ಎಸ್‌ಡಿ, ಅಂದರೆ ಸಾಲಿಡ್ ಸ್ಟೇಟ್ ಡ್ರೈವಿನಲ್ಲಿ ತಿರುಗುವುದು, ಸರಿಯುವುದು ಯಾವುದೂ ಇಲ್ಲ. ಜಪಾನಿನ ತೋಷಿಬಾದಲ್ಲಿದ್ದ ಫುಜಿಯೊ ಮಸುಓಕ ಅವರು 1980ರ ದಶಕದಲ್ಲಿ ಕಂಡುಹಿಡಿದ ಫ್ಲಾಶ್ ಮೆಮೊರಿಯೇ ಅದರ ಜೀವಾಳ. ವಿದ್ಯುತ್ ಕಣಗಳನ್ನು ಸಣ್ಣ ಸಣ್ಣ ಕೋಶಗಳಲ್ಲಿ ಹಿಡಿದಿಡುತ್ತದೆ. ಕರೆಂಟು ಹೋದರೂ ಅವು ಅಲ್ಲೇ ಉಳಿಯುತ್ತವೆ. ಬೇಕಾದ ಕೋಶಕ್ಕೆ ನೇರವಾಗಿ ಹೋಗಿ ಓದಬಹುದು. ಹಾರ್ಡ್ ಡಿಸ್ಕಿನದೇ ಸಾಟಾ ಎಂಬ ಜೋಡಣೆ ಬಳಸುವ ಸಾಮಾನ್ಯ ಎಸ್‌ಎಸ್‌ಡಿ ಕೂಡ ಇಂಥ ಚದುರಿದ ಹುಡುಕಾಟವನ್ನು ಸೆಕೆಂಡಿಗೆ ಸಾವಿರಾರು ಸಲ ಮಾಡುತ್ತದೆ. ಒಟ್ಟೊಟ್ಟಿಗೆ ಕೇಳಿದರೆ ಹತ್ತಾರು ಸಾವಿರ. ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುವ ಸೆಕೆಂಡಿಗೆ 550 ಮೆಗಾಬೈಟ್ ಎಂಬ ಅಂಕಿ ದೊಡ್ಡ ಸಿನಿಮಾ ನಕಲು ಮಾಡುವಾಗ ಮಾತ್ರ ನೆರವಿಗೆ ಬರುತ್ತದೆ. ದಿನನಿತ್ಯ ನಿಮ್ಮ ಅನುಭವಕ್ಕೆ ಬರುವುದು ಆ ಹುಡುಕಾಟದ ವೇಗ.

ನಿಮ್ಮ ಯಂತ್ರದ ರೋಗ ಇದೇ ಹೌದೋ ಅಲ್ಲವೋ ಎಂದು ತಿಳಿಯಲು ಯಾರನ್ನೂ ಕರೆಸಬೇಕಿಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಸಿಪಿಯು ಹತ್ತು ಹದಿನೈದು ಶೇಕಡಾದಲ್ಲಿದ್ದು, ಡಿಸ್ಕ್ ಎಂಬ ಕಂಬ ನೂರಕ್ಕೆ ಅಂಟಿಕೊಂಡು ಕೂತಿದ್ದರೆ ರೋಗ ಗೊತ್ತಾಯಿತು. ಮೆಮೊರಿ ಕಂಬವನ್ನೂ ಒಮ್ಮೆ ನೋಡಿ. ಒಳಗೆ ಬರೀ 4 ಜಿಬಿ ರ‍್ಯಾಮ್ ಇದ್ದು ಅದೂ ತುಂಬಿ ತುಳುಕುತ್ತಿದ್ದರೆ ಡಿಸ್ಕ್ ಬದಲಿಸಿದರೂ ಅರ್ಧ ಗುಣವೇ. ಹೇಗೂ ಮುಚ್ಚಳ ತೆಗೆಯುತ್ತೀರಿ, ಲ್ಯಾಪ್‌ಟಾಪಿಗೆ ಹಾಕುವ ಅದೇ ಚಿಕ್ಕ ರ‍್ಯಾಮ್ ಪಟ್ಟಿ ಇವಕ್ಕೂ ಹೊಂದುತ್ತದೆ, ಎಂಟಕ್ಕೆ ಏರಿಸಿಬಿಡಿ.

ಈಗ ಯಾವ ಡಿಸ್ಕ್ ಕೊಳ್ಳಬೇಕು ಎಂಬ ಪ್ರಶ್ನೆ. ಇಲ್ಲಿ ಜನ ಎಡವುವುದು ಹೆಚ್ಚು, ಸ್ವಲ್ಪ ನಿಧಾನವಾಗಿ ಕೇಳಿ. ಮಾರುಕಟ್ಟೆಯಲ್ಲಿ ಎರಡು ಆಕಾರ ಸಿಗುತ್ತವೆ. ಒಂದು, ಹಳೆಯ ಹಾರ್ಡ್ ಡಿಸ್ಕಿನದೇ ಅಳತೆಯ ಎರಡೂವರೆ ಇಂಚಿನದು, 7 ಮಿಲಿಮೀಟರ್ ದಪ್ಪ. ಹಳೆಯದು ಕೂತಿದ್ದ ಜಾಗದಲ್ಲೇ ಇದು ಕೂರುತ್ತದೆ, ಅನುಮಾನವೇ ಬೇಡ. ಇನ್ನೊಂದು ಎಂ.2 ಎಂಬ ಪಟ್ಟಿ, 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ. ಅದಕ್ಕೇ ಅದರ ಮೇಲೆ 2280 ಎಂದು ಬರೆದಿರುತ್ತದೆ. ಈ ಪಟ್ಟಿಯಲ್ಲಿ ಮತ್ತೆ ಎರಡು ಒಳಜಾತಿ: ಸಾಟಾ ಮತ್ತು ಎನ್‌ವಿಎಂಇ. ಮೇಲ್ನೋಟಕ್ಕೆ ಅಕ್ಕತಂಗಿಯರಂತಿದ್ದರೂ ಮಾತಾಡುವ ಭಾಷೆ ಬೇರೆ. ಸಾಮಾನ್ಯವಾಗಿ ಸಾಟಾ ಪಟ್ಟಿಯ ಚಿನ್ನದ ಬಣ್ಣದ ಅಂಚಿನಲ್ಲಿ ಎರಡು ಕಚ್ಚು ಇರುತ್ತವೆ, ಎನ್‌ವಿಎಂಇಯಲ್ಲಿ ಒಂದೇ ಕಚ್ಚು. ನಿಮ್ಮ ಯಂತ್ರದ ಜಾಗ ಯಾವುದನ್ನು ಒಪ್ಪುತ್ತದೆ ಎಂಬುದನ್ನು ತಿಳಿಯದೆ ಹಣ ಕೊಡಬೇಡಿ. ತಳದಲ್ಲಿ ಅಂಟಿಸಿರುವ ಚೀಟಿಯಲ್ಲಿ ಮಾದರಿಯ ಹೆಸರಿದೆ. ಆ ಹೆಸರಿನ ದುರಸ್ತಿ ಕೈಪಿಡಿಯನ್ನು ಈ ಮೂರೂ ಕಂಪನಿಗಳು ತಮ್ಮ ಜಾಲತಾಣದಲ್ಲಿ ಉಚಿತವಾಗಿ ಇಟ್ಟಿವೆ, ಯಾವ ತಿರುಪು ಎಲ್ಲಿ ಎಂಬುದರ ಚಿತ್ರ ಸಮೇತ. ನಮ್ಮಲ್ಲಿ ಬಹಳ ಜನಕ್ಕೆ ಈ ಕೈಪಿಡಿ ಇದೆ ಎಂಬುದೇ ಗೊತ್ತಿಲ್ಲ. ಸಿಕ್ಕಸಿಕ್ಕ ವಿಡಿಯೊ ನೋಡುವ ಬದಲು ಅದರ ನಾಲ್ಕು ಪುಟ ಓದಿ.

ವೇಗದ ಆಸೆಗೆ ಬಿದ್ದು ಹೆಚ್ಚು ಹಣ ಸುರಿಯಬೇಡಿ. ಸೆಕೆಂಡಿಗೆ 7000 ಮೆಗಾಬೈಟ್ ಎನ್ನುವ ಡಿಸ್ಕನ್ನು ತಂದು ಏಳೆಂಟು ವರ್ಷ ಹಳೆಯ ಯಂತ್ರಕ್ಕೆ ಹಾಕಿದರೆ, ಅದರ ದಾರಿ ಇರುವುದೇ 3500ಕ್ಕೆ. ಅದಕ್ಕಿಂತ ಮೇಲೆ ಓಡುವುದಿಲ್ಲ. ಹಣ ಹಾಕುವುದಾದರೆ ಬಾಳಿಕೆಗೆ ಹಾಕಿ. ಫ್ಲಾಶ್ ಕೋಶಗಳು ಬರೆದಷ್ಟೂ ಸವೆಯುತ್ತವೆ. ಒಂದು ಕೋಶದಲ್ಲಿ ಮೂರು ಬಿಟ್ ತುಂಬುವ ಟಿಎಲ್‌ಸಿ ಜಾತಿ, ನಾಲ್ಕು ಬಿಟ್ ತುರುಕುವ ಕ್ಯೂಎಲ್‌ಸಿಗಿಂತ ಹೆಚ್ಚು ಕಾಲ ಬಾಳುತ್ತದೆ. ಒಟ್ಟು ಎಷ್ಟು ಬರೆಯಬಹುದು ಎಂಬ ಭರವಸೆಯನ್ನು ತಯಾರಕರು ಟೆರಾಬೈಟುಗಳಲ್ಲಿ ಕೊಡುತ್ತಾರೆ. ಉದಾಹರಣೆಗೆ ಸ್ಯಾಮ್‌ಸಂಗ್‌ನ 870 ಇವೊ ಮಾದರಿಯಲ್ಲಿ 500 ಜಿಬಿಯದಕ್ಕೆ 300 ಟೆರಾಬೈಟ್, ಐದು ವರ್ಷದ ವಾರಂಟಿ. ದಿನಕ್ಕೆ 20 ಜಿಬಿ ಬರೆದರೂ ಅದನ್ನು ಮುಗಿಸಲು ನಲವತ್ತು ವರ್ಷ ಬೇಕು. ಆದ್ದರಿಂದ ಸವೆತದ ಭಯ ಬೇಡ. ಹೆಸರಿಲ್ಲದ ಅಗ್ಗದ ಮಾಲಿನ ಭಯ ಇರಲಿ. ಬಿಲ್ಲು ಕೇಳಿ ಪಡೆಯಿರಿ. ಮನೆಗೆ ತಂದ ಕೂಡಲೇ ಸೀರಿಯಲ್ ನಂಬರನ್ನು ಕಂಪನಿಯ ಜಾಲತಾಣದಲ್ಲಿ ಹಾಕಿ ನೋಡಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶ ಆ ಡಿಸ್ಕ್ ಈವರೆಗೆ ಎಷ್ಟು ಗಂಟೆ ಓಡಿದೆ ಎಂದು ತೋರಿಸುತ್ತದೆ. ಹೊಸದೆಂದು ಕೊಟ್ಟ ಡಿಸ್ಕ್ ಆಗಲೇ ಸಾವಿರಾರು ಗಂಟೆ ಓಡಿದ್ದರೆ ಅದೇ ದಿನ ವಾಪಸು ಮಾಡಿ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು. ಡಿಸ್ಕ್ ಬದಲಿಸುವುದು ಸುಲಭ, ಅದರಲ್ಲಿರುವುದನ್ನು ಉಳಿಸಿಕೊಳ್ಳುವುದರಲ್ಲೇ ಜಾಣ್ಮೆ ಇರುವುದು.

ತಿಪಟೂರಿನ ಕಡೆ ನನಗೆ ಪರಿಚಯದ ಒಂದು ಡಿಟಿಪಿ ಅಂಗಡಿ ಇದೆ. ನಡೆಸುವವರು ಒಬ್ಬ ಹೆಣ್ಣುಮಗಳು. ಅರ್ಜಿ, ಕರಾರು ಪತ್ರ, ಮದುವೆ ಕಾರ್ಡು, ಎಲ್ಲ ಟೈಪು ಮಾಡಿಕೊಡುತ್ತಾರೆ. ಅವರ ಆಪ್ಟಿಪ್ಲೆಕ್ಸ್ ಮೈಕ್ರೊಗೆ ಎಸ್‌ಎಸ್‌ಡಿ ಹಾಕೋಣವೆಂದು ಕೂತಾಗ ನಾನು ಕೇಳಿದೆ: "ಏನೇನು ಉಳಿಸಬೇಕಮ್ಮ?"

"ಡಾಕ್ಯುಮೆಂಟ್ಸ್ ಫೋಲ್ಡರ್ ಪೂರ್ತಿ ಪೆನ್‌ಡ್ರೈವಿಗೆ ಹಾಕ್ಕೊಂಡಿದೀನಿ ಸರ್, ಅಷ್ಟೇ."

"ಅದರಲ್ಲಿ ಒಂದು ಫೈಲನ್ನ ನಿಮ್ಮ ತಮ್ಮನ ಲ್ಯಾಪ್‌ಟಾಪಲ್ಲಿ ತೆಗೆದು ತೋರಿಸಿ ನೋಡೋಣ."

ತೆಗೆದರು. ಪರದೆಯ ತುಂಬ ಇಂಗ್ಲಿಷ್ ಅಕ್ಷರಗಳು, ಬ್ರಾಕೆಟ್ಟುಗಳು, ಚಿಹ್ನೆಗಳು. ಒಂದು ಕನ್ನಡ ಅಕ್ಷರವಿಲ್ಲ. ಅವರ ಮುಖ ಬಾಡಿತು. "ಎಲ್ಲಾ ಹೋಯ್ತಾ ಸರ್?" ಎಂದರು.

ಏನೂ ಹೋಗಿರಲಿಲ್ಲ. ಇದು ಕನ್ನಡದಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರೂ ತಿಳಿದಿರಬೇಕಾದ ವಿಷಯ. ಯೂನಿಕೋಡ್ ರೂಢಿಗೆ ಬರುವ ಮುಂಚೆ, ಕನ್ನಡ ಗಣಕ ಪರಿಷತ್ತಿನ ನುಡಿ, ಬರಹ, ಶ್ರೀಲಿಪಿ ಇವುಗಳಲ್ಲಿ ಟೈಪು ಮಾಡಿದ ಕಡತಗಳಲ್ಲಿ ಅಕ್ಷರಗಳು ಇಂಗ್ಲಿಷ್ ಸಂಕೇತಗಳ ಜಾಗದಲ್ಲಿ ಕೂತಿರುತ್ತವೆ. ಅವಕ್ಕೆ ಕನ್ನಡದ ರೂಪ ಕೊಡುವುದು ಆಯಾ ಫಾಂಟು. ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಬರೀ ಕಲಸುಮೇಲೋಗರ. ಎಷ್ಟೋ ಅಂಗಡಿ, ಮುದ್ರಣಾಲಯಗಳಲ್ಲಿ ಇವತ್ತಿಗೂ ಇದೇ ಅಕ್ಷರಗಳಲ್ಲಿ ಕೆಲಸ ನಡೆಯುತ್ತಿದೆ. ಕಡತ ಉಳಿಸಿ ಫಾಂಟು ಬಿಟ್ಟರೆ ಅರ್ಧ ಉಳಿಸಿದಂತೆ. ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರನ್ನು ಪೂರ್ತಿ ನಕಲು ಮಾಡಿಕೊಳ್ಳಿ. ಹಾಗೆಯೇ ಟ್ಯಾಲಿಯ ಲೆಕ್ಕವಿರುವ ಫೋಲ್ಡರ್, ಪ್ರಿಂಟರಿನ ಡ್ರೈವರ್, ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡುಗಳು, ಡೆಸ್ಕ್‌ಟಾಪಿನ ಮೇಲೆ ಹರಡಿಕೊಂಡಿರುವ ಫೈಲುಗಳು. ಜನ ಹೆಚ್ಚು ಕಳೆದುಕೊಳ್ಳುವುದು ಆ ಡೆಸ್ಕ್‌ಟಾಪಿನ ಮೇಲಿನವನ್ನೇ. ನಕಲು ಮಾಡಿದ್ದನ್ನು ಬೇರೆ ಯಂತ್ರದಲ್ಲಿ ತೆರೆದು ನೋಡಿದ ಮೇಲಷ್ಟೇ ಅದು ಬ್ಯಾಕಪ್ ಅನ್ನಿಸಿಕೊಳ್ಳುತ್ತದೆ.

ಆ ಅಂಗಡಿಯಲ್ಲಿ ನಾವು ಹೊಸದಾಗಿ ವಿಂಡೋಸ್ ಹಾಕುವ ದಾರಿ ಬಿಟ್ಟು ಕ್ಲೋನಿಂಗ್ ದಾರಿ ಹಿಡಿದೆವು. ಹಳೆಯ ಡಿಸ್ಕ್ ಹೇಗಿದೆಯೋ ಹಾಗೆ, ತಂತ್ರಾಂಶ, ಫಾಂಟು, ಗೋಡೆಚಿತ್ರ ಸಮೇತ, ಹೊಸದಕ್ಕೆ ಇಳಿಸುವುದು. ಇದಕ್ಕೆ ಕ್ಲೋನ್‌ಜಿಲ್ಲಾ ಎಂಬ ಉಚಿತ ಮುಕ್ತ ತಂತ್ರಾಂಶವಿದೆ, ತೈವಾನಿನಲ್ಲಿ ರೂಪುಗೊಂಡದ್ದು. ಎಸ್‌ಎಸ್‌ಡಿ ತಯಾರಕರಲ್ಲಿ ಕೆಲವರು ತಮ್ಮದೇ ತಂತ್ರಾಂಶವನ್ನೂ ಕೊಡುತ್ತಾರೆ. ಹೊಸ ಡಿಸ್ಕನ್ನು ಯುಎಸ್‌ಬಿ ಕೇಸಿಂಗಿನಲ್ಲಿಟ್ಟು ಹಿಂದಿನ ನೀಲಿ ಬಣ್ಣದ ಯುಎಸ್‌ಬಿ ಕಿಂಡಿಗೆ ಚುಚ್ಚಬೇಕು, ಯಾವುದರಿಂದ ಯಾವುದಕ್ಕೆ ಎಂದು ಹೇಳಬೇಕು, ಕಾಯಬೇಕು. ಆ ಯಾವುದರಿಂದ ಯಾವುದಕ್ಕೆ ಎಂಬಲ್ಲಿ ಎರಡು ಸಲ ಓದಿ. ತಿರುಗುಮುರುಗಾದರೆ ಖಾಲಿ ಡಿಸ್ಕು ತುಂಬಿದ ಡಿಸ್ಕಿನ ಮೇಲೆ ಕೂರುತ್ತದೆ. ಮೇಲೆ ಹೇಳಿದ ಬ್ಯಾಕಪ್ ಬೇರೆಯಾಗಿ ಇರಲಿ ಎನ್ನುವುದು ಇದಕ್ಕೇ.

ಒಂದು ಚಿಕ್ಕ ಲೆಕ್ಕದ ತೊಡಕಿದೆ. ಹಳೆಯ ಹಾರ್ಡ್ ಡಿಸ್ಕ್ 500 ಜಿಬಿ, ನೀವು ತಂದದ್ದು 480 ಜಿಬಿಯ ಎಸ್‌ಎಸ್‌ಡಿ ಎಂದುಕೊಳ್ಳಿ. ಬಳಸಿರುವುದು ಬರೀ 150 ಇದ್ದರೂ, ಹೊಸದು ಚಿಕ್ಕದು ಎಂದು ಕ್ಲೋನ್ ಮಾಡುವ ತಂತ್ರಾಂಶ ಒಪ್ಪದೇ ಹೋಗಬಹುದು. ಆಗ ಹಳೆಯ ಡಿಸ್ಕಿನ ವಿಭಾಗವನ್ನು ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲೇ ಕುಗ್ಗಿಸಿಕೊಂಡು ಮತ್ತೆ ಹೊರಡಬೇಕು. ತಲೆಬಿಸಿ ಬೇಡವೆಂದರೆ ಹಳೆಯದರಷ್ಟೇ ಅಥವಾ ಅದಕ್ಕಿಂತ ದೊಡ್ಡದನ್ನು ಕೊಳ್ಳಿ. ಡಿಸ್ಕಿಗೆ ವಿಂಡೋಸಿನ ಬಿಟ್‌ಲಾಕರ್ ಬೀಗ ಹಾಕಿದ್ದರೆ ಮುಂಚೆಯೇ ತೆರೆಯಿರಿ, ಅದರ 48 ಅಂಕಿಗಳ ಕೀಲಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಮತ್ತೆ ನಮ್ಮ ಊರುಗಳ ಕರೆಂಟಿನ ಪರಿಸ್ಥಿತಿ ಗೊತ್ತೇ ಇದೆ. ಕ್ಲೋನಿಂಗ್ ಒಂದೆರಡು ಗಂಟೆ ಹಿಡಿಯುತ್ತದೆ. ಯುಪಿಎಸ್ ಇಲ್ಲದೆ ಆರಂಭಿಸಬೇಡಿ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಬರುವ ಹೊತ್ತು ನೋಡಿಕೊಳ್ಳುವ ಹಾಗೆ ಇದಕ್ಕೂ ಹೊತ್ತು ನೋಡಿಕೊಂಡು ಕೂರುವುದು ಒಳ್ಳೆಯದು.

ಮುಚ್ಚಳ ತೆಗೆಯುವ ಕೆಲಸಕ್ಕೆ ಬರೋಣ. ಬಾನುಲಿಯಲ್ಲಿ ಚಿತ್ರ ತೋರಿಸಲಾಗದು, ಕೈ ಹೇಗೆ ನಡೆಯಬೇಕೆಂದು ಹೇಳುತ್ತೇನೆ. ಶಟ್‌ಡೌನ್ ಮಾಡಿ, ಅಡಾಪ್ಟರಿನ ಪಿನ್ನನ್ನು ಯಂತ್ರದಿಂದ ಕೀಳಿ, ಎಲ್ಲ ವಯರೂ ತೆಗೆಯಿರಿ. ಆಮೇಲೆ ಪವರ್ ಗುಂಡಿಯನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ, ಒಳಗೆ ಉಳಿದ ವಿದ್ಯುತ್ ಇಳಿದುಹೋಗುತ್ತದೆ. ಮರದ ಮೇಜಿನ ಮೇಲೆ ದಿನಪತ್ರಿಕೆ ಹಾಸಿ ಮಲಗಿಸಿ. ಹಿಂಬದಿಯಲ್ಲಿ ಒಂದೇ ತಿರುಪು ಕಾಣುತ್ತದೆ. ಬಹಳಷ್ಟು ಮಾದರಿಗಳಲ್ಲಿ ಅದನ್ನು ಬೆರಳಿನಿಂದಲೇ ತಿರುಗಿಸಬಹುದು. ಅದು ಸಡಿಲವಾದ ಮೇಲೆ ಮುಚ್ಚಳವನ್ನು ಎತ್ತಲು ಹೋಗಬೇಡಿ, ಮುಂದಕ್ಕೆ ಒಂದು ಬೆರಳಗಲ ಜಾರಿಸಿ. ಟಕ್ಕೆಂದು ಬಿಡುತ್ತದೆ. ಈಗ ಎತ್ತಿ.

ಒಳಗೆ ಮೊದಲು ಕಾಣುವುದು ಧೂಳು, ಅದರಲ್ಲೂ ಫ್ಯಾನಿನ ಬಾಯಲ್ಲಿ ಮೆತ್ತಗೆ ಹಾಸಿದಂತೆ. ಮೃದುವಾದ ಕುಂಚದಿಂದ ಹೊರಗೆ ತಳ್ಳಿ, ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಂಡಿರಿ. ಚಿಪ್ಪುಗಳನ್ನು ಮುಟ್ಟುವ ಮುನ್ನ ಪೆಟ್ಟಿಗೆಯ ಬರಿ ಲೋಹವನ್ನು ಒಮ್ಮೆ ಮುಟ್ಟಿ. ಮೈಮೇಲಿನ ಸ್ಥಿರ ವಿದ್ಯುತ್ ಅಲ್ಲಿಗೆ ಇಳಿಯುತ್ತದೆ. ಕರಾವಳಿಯ ತೇವದ ಗಾಳಿಯಲ್ಲಿ ಇದು ಅಷ್ಟು ಕಾಡದು. ಕಲಬುರಗಿ, ರಾಯಚೂರಿನ ಒಣಹವೆಯಲ್ಲಿ ನೈಲಾನ್ ಬಟ್ಟೆ ಉಟ್ಟು ಈ ಕೆಲಸಕ್ಕೆ ಕೂರಬಾರದು.

ಹಾರ್ಡ್ ಡಿಸ್ಕ್ ಒಂದು ಚೌಕಟ್ಟಿನಲ್ಲಿ ಕೂತಿರುತ್ತದೆ. ಒಂದು ತಿರುಪನ್ನೋ ಕೊಂಡಿಯನ್ನೋ ಬಿಡಿಸಿ, ಕನೆಕ್ಟರಿನಿಂದ ದೂರಕ್ಕೆ ನೇರವಾಗಿ ಎಳೆಯಬೇಕು. ಕೆಲವು ಮಾದರಿಗಳಲ್ಲಿ ಕಾಗದದಷ್ಟು ತೆಳುವಾದ ಪಟ್ಟಿ ಕೇಬಲ್ ಇರುತ್ತದೆ. ಅದನ್ನು ಹಿಡಿದು ಎಳೆಯದೆ ತುದಿಯ ಪ್ಲಾಸ್ಟಿಕ್ಕನ್ನು ಹಿಡಿದು ಬಿಡಿಸಿ. ಚೌಕಟ್ಟಿನಿಂದ ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿ. ಸಾಟಾ ಕನೆಕ್ಟರಿನಲ್ಲಿ ಒಂದು ಕಡೆ ಏಳು, ಇನ್ನೊಂದು ಕಡೆ ಹದಿನೈದು ಚಿನ್ನದ ಗೆರೆಗಳು, ಮಧ್ಯೆ ಮೂಲೆ ಮಡಿಚಿದ ಆಕಾರ. ತಪ್ಪು ದಿಕ್ಕಿನಲ್ಲಿ ಹೋಗುವುದೇ ಇಲ್ಲ. ಹೋಗುತ್ತಿಲ್ಲವೆಂದರೆ ಬಲ ಹಾಕದೆ ತಿರುಗಿಸಿ ನೋಡಿ.

ಎಂ.2 ಪಟ್ಟಿಯಾದರೆ ಅದರ ಜಾಗ ಕೆಲವು ಮಾದರಿಗಳಲ್ಲಿ ಹಾರ್ಡ್ ಡಿಸ್ಕಿನ ಚೌಕಟ್ಟಿನ ಅಡಿಯಲ್ಲಿರುತ್ತದೆ, ಕೆಲವು ಟೈನಿಗಳಲ್ಲಿ ಯಂತ್ರವನ್ನು ಮಗುಚಿ ತಳದ ಮುಚ್ಚಳ ತೆಗೆಯಬೇಕು. ಪಕ್ಕದಲ್ಲೇ ವೈಫೈ ಕಾರ್ಡಿನದೂ ಇಂಥದೇ ಒಂದು ಗಿಡ್ಡ ಜಾಗ ಇರುತ್ತದೆ, ಅದಕ್ಕೆ ಹಾಕಲು ಹೋಗಬೇಡಿ. ಪಟ್ಟಿಯನ್ನು ಸ್ವಲ್ಪ ಓರೆಯಾಗಿ, ಸುಮಾರು 30 ಡಿಗ್ರಿ ಕೋನದಲ್ಲಿ ಒಳಕ್ಕೆ ತಳ್ಳಿ. ಚಿನ್ನದ ಅಂಚು ಬಹುತೇಕ ಮುಚ್ಚಿಹೋಗಬೇಕು. ಕೈ ಬಿಟ್ಟರೆ ಪಟ್ಟಿ ತಾನೇ ಮೇಲಕ್ಕೆ ಎದ್ದು ನಿಲ್ಲುತ್ತದೆ. ಗಾಬರಿಯಾಗಬೇಡಿ, ಹಾಗೇ ನಿಲ್ಲಬೇಕು. ಮೆಲ್ಲಗೆ ಒತ್ತಿ ಮಲಗಿಸಿ, ತುದಿಗೆ ತಿರುಪು ಹಾಕಿ. ಈ ತಿರುಪು ಸಾಸಿವೆಗಿಂತ ಅಷ್ಟೇನೂ ದೊಡ್ಡದಲ್ಲ. ಸೆಕೆಂಡ್ ಹ್ಯಾಂಡ್ ಯಂತ್ರಗಳಲ್ಲಿ ಅದು ಕಾಣೆಯಾಗಿರುವುದೇ ಹೆಚ್ಚು. ಡಿಸ್ಕ್ ಕೊಳ್ಳುವಾಗ ಅಂಗಡಿಯವರನ್ನು ಕೇಳಿ ಒಂದೆರಡು ತಿರುಪು ಇಸಿದುಕೊಂಡು ಬನ್ನಿ. ತಿರುಪು ಇಲ್ಲದೆ ಟೇಪು ಅಂಟಿಸುವ ರೂಢಿ ಕೆಲವರಲ್ಲಿದೆ. ಡಿಸ್ಕ್ ಬಿಸಿಯಾದ ಮೇಲೆ ಆ ಅಂಟು ನಿಲ್ಲುವುದಿಲ್ಲ. ಮುಚ್ಚುವ ಮುನ್ನ ನಾಣ್ಯದಂಥ ಸಿಆರ್2032 ಬ್ಯಾಟರಿಯನ್ನೂ ಬದಲಿಸಿಬಿಡಿ. ಆನ್ ಮಾಡಿದಾಗಲೆಲ್ಲ ತಾರೀಖು ಹಿಂದಕ್ಕೆ ಹೋಗುವ ಕಾಟ ಅಲ್ಲಿಗೆ ಮುಗಿಯುತ್ತದೆ.

ಮೊದಲ ಸಲ ಆನ್ ಮಾಡುವಾಗ ಹಳೆಯ ಡಿಸ್ಕ್ ಹೊರಗೇ ಇರಲಿ. ಎರಡೂ ಒಂದೇ ಗುರುತಿನ ಅವಳಿಗಳಾದ್ದರಿಂದ ವಿಂಡೋಸಿಗೆ ಗೊಂದಲವಾಗುತ್ತದೆ. ಪರದೆ ಬರದಿದ್ದರೆ ಡೆಲ್, ಲೆನೊವೊಗಳಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9 ಒತ್ತಿ ಹೊಸ ಡಿಸ್ಕನ್ನು ಆರಿಸಿ. ಡೆಲ್ ಯಂತ್ರಕ್ಕೆ ಲಿನಕ್ಸ್ ಹಾಕುವವರಿಗೆ ಒಂದು ಮಾತು: ಇನ್‌ಸ್ಟಾಲ್ ಮಾಡುವಾಗ ಎನ್‌ವಿಎಂಇ ಡಿಸ್ಕೇ ಕಾಣದಿದ್ದರೆ ಡಿಸ್ಕ್ ಕೆಟ್ಟಿದೆ ಎಂದುಕೊಳ್ಳಬೇಡಿ. ಬಯಾಸ್ ಒಳಗೆ ಸಾಟಾ ಆಪರೇಷನ್ ಎಂಬಲ್ಲಿ ರೇಡ್ ಆನ್ ಎಂದಿರುತ್ತದೆ, ಅದನ್ನು ಎಎಚ್‌ಸಿಐ ಮಾಡಿ. ಕ್ಲೋನ್ ಮಾಡಿದ ವಿಂಡೋಸ್ ಇದ್ದವರು ಮಾತ್ರ ಅದನ್ನು ಮುಟ್ಟಬೇಡಿ, ನೀಲಿ ಪರದೆ ಬರುತ್ತದೆ. ವಿಂಡೋಸ್ ಲೈಸೆನ್ಸ್ ಹೋಗುತ್ತದೆಯೇ ಎಂದು ಹಲವರು ಕೇಳುತ್ತಾರೆ. ಈಗಿನ ಡಿಜಿಟಲ್ ಲೈಸೆನ್ಸ್ ಮುಖ್ಯವಾಗಿ ಮದರ್‌ಬೋರ್ಡನ್ನು ಗುರುತಿಸುತ್ತದೆ, ಡಿಸ್ಕ್ ಬದಲಾದರೆ ಹೋಗುವುದಿಲ್ಲ.

ಇಷ್ಟೆಲ್ಲ ಸಾಧ್ಯವಾಗುವುದು ಈ ಪೆಟ್ಟಿಗೆಗಳನ್ನು ಬಿಚ್ಚಲೆಂದೇ ವಿನ್ಯಾಸ ಮಾಡಿರುವುದರಿಂದ. ಎಲ್ಲ ಪುಟ್ಟ ಕಂಪ್ಯೂಟರುಗಳೂ ಹೀಗಿಲ್ಲ. ಆಪಲ್ ಕಂಪನಿ 2005ರಲ್ಲಿ ಮ್ಯಾಕ್ ಮಿನಿ ತಂದಾಗ ಅದರಲ್ಲಿ ಹೊರಗೆ ಒಂದೂ ತಿರುಪು ಇರಲಿಲ್ಲ; ಪೇಂಟರುಗಳು ಪುಟ್ಟಿ ಬಳಿಯುವ ಪಟ್ಟಿಯನ್ನು ಅಂಚಿಗೆ ತೂರಿಸಿ ಎಬ್ಬಿಸಬೇಕಿತ್ತು. 2010ರ ಮಾದರಿಯಲ್ಲಿ ತಳದ ದುಂಡು ಮುಚ್ಚಳ ಕೈಯಿಂದ ತಿರುಗಿಸಿದರೆ ಬರುತ್ತಿತ್ತು. 2014ರಲ್ಲಿ ರ‍್ಯಾಮನ್ನು ಬೋರ್ಡಿಗೆ ಬೆಸುಗೆ ಹಾಕಿದರು, 2018ರಲ್ಲಿ ಡಿಸ್ಕಿನ ಚಿಪ್ಪುಗಳನ್ನು. 2024ರ ಮಾದರಿಯಲ್ಲಿ ಡಿಸ್ಕ್ ಮತ್ತೆ ಬಿಚ್ಚುವ ತುಂಡಾಗಿ ಬಂದಿದೆ; ಆದರೆ ಅದು ಎಲ್ಲರೂ ಬಳಸುವ ಎಂ.2 ಅಲ್ಲ, ಬದಲಿಸಿದ ಮೇಲೆ ಇನ್ನೊಂದು ಮ್ಯಾಕ್ ಜೋಡಿಸಿ ಅದಕ್ಕೆ ಜೀವ ಕೊಡಬೇಕು. ಬೆಸುಗೆ ಹಾಕಿದ ಯಂತ್ರದಲ್ಲಿ ಡಿಸ್ಕ್ ಸತ್ತರೆ ಯಂತ್ರವೇ ಸತ್ತಂತೆ. ದುಡ್ಡು ಕೊಟ್ಟು ಕೊಂಡವರ ಮೇಲೆ ಹೀಗೆ ಬಾಗಿಲು ಹಾಕುವುದು ಅನ್ಯಾಯ ಎಂದೇ ನಾನು ಹೇಳುತ್ತೇನೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿಗಾಗಿ 2022ರಲ್ಲಿ ಸಮಿತಿ ರಚಿಸಿ, ಅದೇ ವರ್ಷದ ಡಿಸೆಂಬರ್ 24ರಂದು ಒಂದು ಜಾಲತಾಣ ತೆರೆಯಿತು. ಕೈಪಿಡಿ, ಬಿಡಿಭಾಗ, ವಾರಂಟಿಯ ಮಾಹಿತಿ ಒಂದೇ ಕಡೆ ಸಿಗಲಿ ಎಂಬುದು ಅದರ ಉದ್ದೇಶ. ಕಾನೂನಿನ ಬಲ ಅದಕ್ಕೆ ಬೇಗ ಬರಬೇಕು.

ಬಿಚ್ಚಲು ಬರುವ ಯಂತ್ರಕ್ಕೂ ತಂತ್ರಾಂಶದ ಕಡೆಯಿಂದ ಒಂದು ತೊಡಕಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ನಿಂತಿತು. ವಿಂಡೋಸ್ 11 ಇಂಟೆಲ್ ಪ್ರೊಸೆಸರುಗಳಲ್ಲಿ ಬಹುಮಟ್ಟಿಗೆ ಎಂಟನೇ ತಲೆಮಾರಿನಿಂದ ಮೇಲಿನವನ್ನಷ್ಟೇ ಅಧಿಕೃತವಾಗಿ ಒಪ್ಪುತ್ತದೆ. ಸೆಕೆಂಡ್ ಹ್ಯಾಂಡ್ ಪುಟ್ಟ ಪಿಸಿ ಕೊಳ್ಳುವವರು ಇದನ್ನು ಮೊದಲೇ ಕೇಳಿ. ಆರನೇ, ಏಳನೇ ತಲೆಮಾರಿನದು ಆಗಲೇ ಮನೆಯಲ್ಲಿದ್ದರೆ ಹೊಸ ಎಸ್‌ಎಸ್‌ಡಿಗೆ ಲಿನಕ್ಸ್ ಮಿಂಟ್ ಅಥವಾ ಉಬುಂಟು ಹಾಕಿ. ಯೂನಿಕೋಡ್ ಕನ್ನಡ ಅದರಲ್ಲಿ ಚೆನ್ನಾಗಿ ಮೂಡುತ್ತದೆ. ಮಕ್ಕಳ ಓದಿಗೆ, ಬ್ಯಾಂಕಿನ ಕೆಲಸಕ್ಕೆ, ಪತ್ರ ಬರೆಯುವುದಕ್ಕೆ ಧಾರಾಳವಾಗಿ ಸಾಕು. ನುಡಿ, ಪೇಜ್‌ಮೇಕರ್ ನೆಚ್ಚಿಕೊಂಡ ಅಂಗಡಿಗಳಿಗೆ ಇದು ಒಗ್ಗದು, ಅವರು ವಿಂಡೋಸಿನಲ್ಲೇ ಇರಬೇಕಾಗುತ್ತದೆ.

ಕೊನೆಗೆ ಹಳೆಯ ಹಾರ್ಡ್ ಡಿಸ್ಕಿನ ಮಾತು. ಎಲ್ಲ ಸರಿಯಾಯಿತೆಂದು ಅವತ್ತೇ ಅದನ್ನು ಅಳಿಸಬೇಡಿ. ಕೆಲವು ವಾರ ಹಾಗೇ ಇರಲಿ. ಮರೆತುಹೋದ ಒಂದು ಫೈಲು ಆಮೇಲೆ ನೆನಪಾಗುತ್ತದೆ. ಎಸ್‌ಎಸ್‌ಡಿ ಸಾಯುವಾಗ ಹಾರ್ಡ್ ಡಿಸ್ಕಿನಂತೆ ಕಟಕಟ ಸದ್ದು ಮಾಡಿ ಎಚ್ಚರಿಸುವುದಿಲ್ಲ, ಒಂದು ದಿನ ಸುಮ್ಮನಾಗಿಬಿಡುತ್ತದೆ. ಹಾಗಾಗಿ ಹಳೆಯ ಡಿಸ್ಕ್ ಆರೋಗ್ಯವಾಗಿದ್ದರೆ, ಎರಡೂವರೆ ಇಂಚಿನ ಯುಎಸ್‌ಬಿ ಕೇಸಿಂಗಿಗೆ ಅದನ್ನು ಹಾಕಿ ಬ್ಯಾಕಪ್ಪಿಗೆ ಇಟ್ಟುಕೊಳ್ಳಿ. ನಿಧಾನವಾದರೂ ಆ ಕೆಲಸಕ್ಕೆ ಅದು ತಕ್ಕದ್ದು. ಬೇರೆಯವರಿಗೆ ಕೊಡುವುದಾದರೆ ಬರೀ ಡಿಲೀಟ್ ಮಾಡಿದರೆ ಸಾಲದು, ಇಡೀ ಡಿಸ್ಕಿನ ಮೇಲೆ ಸೊನ್ನೆ ಬರೆಸಿ ಕೊಡಿ. ನಿಮ್ಮ ಆಧಾರ್ ಪ್ರತಿ, ಬ್ಯಾಂಕಿನ ಕಾಗದ ಎಲ್ಲ ಅದರಲ್ಲಿವೆ. ಕೆಟ್ಟುಹೋಗಿದ್ದರೆ ಕಸದ ಗಾಡಿಗೆ ಹಾಕಬೇಡಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ನೋಂದಾಯಿತ ಸಂಸ್ಕರಣಾ ಘಟಕಗಳಿಗೇ ಅದು ಸೇರಬೇಕು. ನಿಮ್ಮ ನಗರಸಭೆಯಲ್ಲಿ ಇ-ತ್ಯಾಜ್ಯ ಎಲ್ಲಿ, ಯಾವ ದಿನ ತೆಗೆದುಕೊಳ್ಳುತ್ತಾರೆಂದು ವಿಚಾರಿಸಿ, ಅಲ್ಲಿಗೆ ಒಪ್ಪಿಸಿ.